ಸ್ಟ್ಯಾಮ್‌ಫರ್ಡ್ ಮನೆಯ ಸ್ಯಾಶ್ ಕಿಟಕಿ ರಿಪೇರಿ: 12 ಗಾಜು, 12 ವಾರ

ಮೊದಲನೇ ಮಹಡಿ ಮುಂದಿನ ರೂಮಿನ ಎಡಗಡೆ ಕಿಟಕಿ ನಿನ್ನೆ ಮುಗೀತು. ಎರಡು ಬೆರಳಲ್ಲಿ ಎತ್ತಿದ್ರೆ ಮೇಲೆ ಹೋಗುತ್ತೆ, ಎಲ್ಲಿ ಬಿಟ್ರೆ ಅಲ್ಲೇ ನಿಲ್ಲುತ್ತೆ. ನಾವು ಈ ಮನೆಗೆ ಬಂದು ಎರಡು ವರ್ಷ ಆಯ್ತು, ಅಷ್ಟು ದಿನ ಅದು ಒಂದು ಕೂದಲೆಳೆಯಷ್ಟೂ ಅಲ್ಲಾಡಿರ್ಲಿಲ್ಲ. ಮಾಡಿದ್ದನ್ನೆಲ್ಲ ದಿನಾ ರಾತ್ರಿ ನೋಟ್‌ಬುಕ್ಕಲ್ಲಿ ಗೀಚಿಟ್ಟಿದ್ದೆ, ಅದನ್ನೇ ಇಲ್ಲಿ ನೆಟ್ಟಗೆ ಮಾಡಿ ಬರೀತಿದ್ದೀನಿ. ಇಂಗ್ಲೆಂಡಲ್ಲಿ ಹಳೇ ಮನೆ ತಗೊಂಡಿರೋ ನಮ್ಮವರಿಗೆ ಉಪಯೋಗಕ್ಕೆ ಬರ್ಲಿ. ತಪ್ಪು ಮಾಡಿದ ಕಡೆ ಜಾಸ್ತಿ ಬರೆದಿದ್ದೀನಿ, ಯಾಕಂದ್ರೆ ನಾನು ಹುಡುಕುವಾಗ ಅದೇ ಎಲ್ಲೂ ಸಿಗ್ಲಿಲ್ಲ.

ಊರು ಲಿಂಕನ್‌ಶೈರ್‌ನ ಸ್ಟ್ಯಾಮ್‌ಫರ್ಡ್, ವೆಲ್ಲಂಡ್ ನದಿ ಪಕ್ಕ. ನಮ್ಮಿಬ್ಬರ ಕೆಲಸ ಹತ್ತಿರದ ಪೀಟರ್‌ಬರೋ ನಗರದಲ್ಲಿ. ಹಿಂದೆ ಲಂಡನ್ನಿಂದ ಉತ್ತರಕ್ಕೆ ಹೋಗೋ ಗ್ರೇಟ್ ನಾರ್ತ್ ರೋಡ್ ಈ ಊರ ಮಧ್ಯನೇ ಹಾದುಹೋಗ್ತಿತ್ತು, ಕುದುರೆಗಾಡಿ ಕಾಲದಲ್ಲಿ ದುಡ್ಡು ಹರೀತು, ಆ ದುಡ್ಡಲ್ಲಿ ಸುಣ್ಣಕಲ್ಲಿನ ಮನೆಗಳು ಸಾಲಾಗಿ ಎದ್ವು. ಆಮೇಲೆ ರೈಲಿನ ಮುಖ್ಯ ಲೈನ್ ಪೀಟರ್‌ಬರೋ ಕಡೆಯಿಂದ ಹೋಯ್ತು, ಇಲ್ಲಿ ಫ್ಯಾಕ್ಟರಿಗಳು ಅಷ್ಟಾಗಿ ಬರ್ಲಿಲ್ಲ, ಮನೆಗಳು ಹಾಗೇ ಉಳ್ಕೊಂಡ್ವು. 1967ರಲ್ಲಿ ಇಂಗ್ಲೆಂಡಿನ ಮೊದಲ ಕನ್ಸರ್ವೇಶನ್ ಏರಿಯಾ, ಅಂದ್ರೆ ಹಳೇ ಸ್ವರೂಪಕ್ಕೆ ಕಾನೂನಿನ ರಕ್ಷಣೆ ಇರೋ ಪ್ರದೇಶ, ಆಗಿದ್ದು ಇದೇ ಊರು. ನಮ್ಮದು 1780ರ ಆಸುಪಾಸಿನ ಟೌನ್‌ಹೌಸ್, ಅಗಲ ಕಮ್ಮಿ, ಎತ್ತರ ಜಾಸ್ತಿ, ಗ್ರೇಡ್ 2 ಲಿಸ್ಟೆಡ್, ಅಂದ್ರೆ ಕಾಪಾಡಬೇಕಾದ ಹಳೇ ಕಟ್ಟಡ ಅಂತ ಸರ್ಕಾರದ ಪಟ್ಟೀಲಿರೋದು. ಬೀದಿ ಕಡೆ ನಯವಾಗಿ ಕೆತ್ತಿದ ಕಲ್ಲು, ಕಲ್ಲಿನ ಮಧ್ಯದ ಸಂದು 3 ಮಿಲಿಮೀಟರ್ ಕೂಡ ಇಲ್ಲ. ಹಿಂದುಗಡೆ ಹೋದ್ರೆ ಸಾದಾ ಕಾಡುಕಲ್ಲಿನ ಗೋಡೆ. ದುಡ್ಡೆಲ್ಲ ಮುಖಕ್ಕೇ ಖರ್ಚು ಮಾಡಿದ್ದಾರೆ.

ಎರಡನೇ ಮಹಡಿಯ ಮೂರು ಕಿಟಕಿಲಿ ಒಂದು ಸುಳ್ಳು ಕಿಟಕಿ, ಬರೀ ಕಲ್ಲಿನ ಗೂಡು. 1696ರಿಂದ 1851ರವರೆಗೆ ಕಿಟಕಿ ತೆರಿಗೆ ಇತ್ತಲ್ಲ, ಅದಕ್ಕೆ ಮುಚ್ಚಿದ್ದಾರೆ ಅಂತಲೇ ನಾನು ಬಂದವರಿಗೆಲ್ಲ ಹೇಳ್ತಿದ್ದೆ. ಆದ್ರೆ ಒಳಗಡೆ ಆ ಜಾಗಕ್ಕೆ ಹೋಗಿ ತಟ್ಟಿ ನೋಡಿದ್ರೆ ಅಲ್ಲಿ ಇರೋದು ಚಿಮಣಿಯ ಹೊಗೆಕೊಳವೆ. ಅಲ್ಲಿ ಕಿಟಕಿ ಯಾವತ್ತೂ ಇರಲೇ ಇಲ್ಲ, ಹೊರಗಿಂದ ಸಾಲು ತಪ್ಪಬಾರದು ಅಂತ ಕಟ್ಟುವಾಗಲೇ ಹಾಗೆ ಮಾಡಿದ್ದು. ಮೂರು ಮಹಡಿ ಕಿಟಕಿಗಳೂ ಒಂದರ ಮೇಲೊಂದು ಗೆರೆ ಎಳೆದ ಹಾಗೆ ಕೂತಿವೆ, ಮೊದಲನೇ ಮಹಡಿದು ಎಲ್ಲಕ್ಕಿಂತ ಎತ್ತರ, ಮೇಲೆ ಹೋದ ಹಾಗೆ ಗಿಡ್ಡ. ಇಷ್ಟು ಲೆಕ್ಕಾಚಾರದ ಮುಖಕ್ಕೆ ಬೇರೆ ಕಿಟಕಿ ಕೂರಿಸೋಕೆ ನನಗೆ ಮನಸ್ಸೇ ಬರಲಿಲ್ಲ.

ಸ್ಯಾಶ್ ಕಿಟಕಿ ನೋಡದವರಿಗೆ: ಎರಡು ಚೌಕಟ್ಟು ಒಂದರ ಹಿಂದೊಂದು, ಮೇಲೆ ಕೆಳಗೆ ಜಾರುತ್ತೆ, ಆ ಚೌಕಟ್ಟಿಗೇ ಸ್ಯಾಶ್ ಅನ್ನೋದು. ಒಂದೊಂದು ಚೌಕಟ್ಟಿಗೂ ಎರಡೂ ಕಡೆ ಹಗ್ಗ, ಹಗ್ಗ ಸಣ್ಣ ರಾಟೆ ಮೇಲಿಂದ ಹಾದು ಪಕ್ಕದ ಮರದ ಬಾಕ್ಸ್ ಒಳಗೆ ಇಳಿಯುತ್ತೆ, ಅದರ ತುದೀಲಿ ಕಬ್ಬಿಣದ ತೂಕದ ಗುಂಡು. ನಮ್ಮೂರ ಬಾವಿ ರಾಟೆ ಥರಾನೇ, ಕೊಡಪಾನದ ಜಾಗದಲ್ಲಿ ಕಿಟಕಿ.

ಏಪ್ರಿಲ್ 13, ಶನಿವಾರ. ಶುರು ಮಾಡೋಕೆ ಮುಂಚೆ.

ಒಬ್ಬ ಬಡಗಿ ಬಂದು ನೋಡಿ ಈ ಒಂದು ಕಿಟಕಿಗೆ 1,100 ಪೌಂಡ್ ಅಂದ್ರು, ನ್ಯಾಯವಾದ ರೇಟೇ ಇರಬಹುದು, ಆದ್ರೆ ನಮ್ಮಲ್ಲಿ ಇಂಥವು ಏಳು ಇವೆ. ಇನ್ನೊಬ್ಬ ಸೇಲ್ಸ್‌ನವನು ಇದೆಲ್ಲ ಹೋಗಿದೆ ಸರ್, ಪ್ಲಾಸ್ಟಿಕ್ ಡಬಲ್ ಗ್ಲೇಜಿಂಗ್ ಹಾಕ್ಬಿಡೋಣ ಅಂದ. ಲಿಸ್ಟೆಡ್ ಮನೇಲಿ ಪರ್ಮಿಶನ್ ಇಲ್ಲದೆ ಹಾಗೆ ಮಾಡೋದು ಕ್ರಿಮಿನಲ್ ಅಪರಾಧ, ಅದನ್ನ ಅವನು ಬಾಯೇ ಬಿಡ್ಲಿಲ್ಲ. ದಯವಿಟ್ಟು ಯಾರೂ ಇಂಥ ಮಾತಿಗೆ ಸಹಿ ಹಾಕ್ಬೇಡಿ. ಕೌನ್ಸಿಲ್‌ನ ಕನ್ಸರ್ವೇಶನ್ ಆಫೀಸರ್‌ಗೆ ಫೋಟೋ ಹಾಕಿ ಈಮೇಲ್ ಮಾಡಿದೆ. ಇದ್ದದ್ದನ್ನ ಇದ್ದ ಹಾಗೇ, ಅದೇ ಥರದ ಮರ ಗಾಜಲ್ಲಿ ರಿಪೇರಿ ಮಾಡೋದಾದ್ರೆ ಅರ್ಜಿ ಬೇಡ, ಗಾಜಿನ ವಿಧ ಅಥವಾ ಪಟ್ಟಿ ಅಳತೆ ಬದಲಾದ್ರೆ ಬೇಕು ಅಂತ ಉತ್ತರ ಬಂತು. ಆ ಈಮೇಲ್ ಪ್ರಿಂಟ್ ತೆಗೆದು ಫೈಲ್‌ಗೆ ಹಾಕಿದೀನಿ.

ಅಳತೆ ತಗೊಂಡೆ. ಒಂದೊಂದು ಸ್ಯಾಶ್ 1000 ಅಗಲ, 900 ಎತ್ತರ, ಮಿಲಿಮೀಟರಲ್ಲಿ. ಮೇಲೆ 6 ಗಾಜು, ಕೆಳಗೆ 6 ಗಾಜು. ಗಾಜಿನ ಮಧ್ಯದ ಮರದ ಪಟ್ಟಿ ಬರೀ 18 ಮಿಲಿಮೀಟರ್. ಜಾರ್ಜಿಯನ್ ಕಾಲದ, ಅಂದ್ರೆ ಹೆಚ್ಚುಕಮ್ಮಿ 18ನೇ ಶತಮಾನದ, ಶುರುವಿನ ಕಿಟಕಿಗಳಲ್ಲಿ ಈ ಪಟ್ಟಿ ದಪ್ಪ ಇರುತ್ತೆ, ಕೊನೆಕೊನೆಗೆ ತೆಳ್ಳಗಾಯ್ತು. ಮೇಲಿನ ಸ್ಯಾಶಿನ ಕೆಳಮೂಲೆಗಳಲ್ಲಿ ಕೊಂಬು, ಅಂದ್ರೆ ಕೆಳಕ್ಕೆ ಚಾಚಿದ ಮರದ ತುದಿ, ಇಲ್ಲ. ಆ ಕೊಂಬು ಬಂದಿದ್ದು ವಿಕ್ಟೋರಿಯನ್ ಕಾಲದಲ್ಲಿ, ಅಂದ್ರೆ 19ನೇ ಶತಮಾನದಲ್ಲಿ, ದೊಡ್ಡ ಭಾರದ ಗಾಜು ಬಂದ್ಮೇಲೆ ಮೂಲೆ ಜೋಡಣೆಗೆ ಬಲ ಬೇಕು ಅಂತ. ಹಾಗಾಗಿ ಇದು ಮನೆ ಜೊತೆಗೇ ಹುಟ್ಟಿದ ಕಿಟಕಿ ಅಂತ ನನಗೆ ನಂಬಿಕೆ ಬಂತು.

ಏಪ್ರಿಲ್ 20. ಸೀಸದ ಟೆಸ್ಟ್, ಬೀಡ್ ಬಿಚ್ಚೋದು.

ಪೇಂಟ್ ಟೆಸ್ಟ್ ಕಿಟ್ 14 ಪೌಂಡ್. ಒರೆಸಿದ ತಕ್ಷಣ ಕೆಂಪಾಯ್ತು, ಅಂದ್ರೆ ಸೀಸ ಇದೆ. ನಮ್ಮ ಮಗಳಿಗೆ ನಾಲ್ಕು ವರ್ಷ, ಅದಕ್ಕೆ ಇದ್ರಲ್ಲಿ ರಾಜಿ ಮಾಡ್ಕೊಳ್ಳಲಿಲ್ಲ. ರೂಮಿನ ಬಾಗಿಲಿಗೆ ಪಾಲಿಥಿನ್, ನೆಲಕ್ಕೆ ಎರಡು ಪದರ ಪಾಲಿಥಿನ್, ಪಿ3 ಫಿಲ್ಟರ್ ಮಾಸ್ಕ್, ಬೇರೆ ಬಟ್ಟೆ, ಒಣ ಸ್ಯಾಂಡಿಂಗ್ ಪೂರ್ತಿ ಬಂದ್. ಉಜ್ಜೋದಿದ್ರೆ ನೀರು ಹಾಕಿ ಒದ್ದೆ ಕಾಗದದಲ್ಲೇ. ಹೀಟ್ ಗನ್ ಮುಟ್ಟಲೇ ಇಲ್ಲ, ಬಿಸಿ ಜಾಸ್ತಿಯಾದ್ರೆ ಸೀಸದ ಹೊಗೆ ಬರುತ್ತೆ, ಗಾಜೂ ಸೀಳುತ್ತೆ.

ಸ್ಯಾಶ್ ಒಳಕ್ಕೆ ಬೀಳದ ಹಾಗೆ ತಡೆಯೋ ಒಳಗಡೆಯ ಮರದ ಪಟ್ಟಿಗೆ ಸ್ಟಾಫ್ ಬೀಡ್ ಅಂತಾರೆ, ಅದರ ಪಕ್ಕ ಬ್ಲೇಡ್ ಎಳೆದು ಪೇಂಟ್ ಕತ್ತರಿಸಿ, ಅಗಲ ಉಳಿ ತೂರಿಸಿ ಮಧ್ಯದಿಂದ ಎತ್ತಿದೆ. ಮಧ್ಯದಿಂದ ಯಾಕಂದ್ರೆ ಬೀಡ್ ಬಿಲ್ಲಿನ ಹಾಗೆ ಬಗ್ಗಿ ತುದಿಗಳು ತಾವೇ ಬಿಟ್ಕೊಳ್ತವೆ. ಮೊದಲನೇದನ್ನ ನಾನು ತುದಿಯಿಂದ ಎತ್ತೋಕೆ ಹೋಗಿ ಮುರ್ಕೊಂಡೆ.

ಬೀಡ್ ಬಂದ್ರೂ ಕೆಳಗಿನ ಸ್ಯಾಶ್ ಬರಲಿಲ್ಲ. ಅರ್ಧ ಗಂಟೆ ಗುದ್ದಾಡಿದ್ಮೇಲೆ ಟಾರ್ಚ್ ಹಿಡಿದು ನೋಡಿದ್ರೆ ಪಕ್ಕದಲ್ಲಿ ಎರಡು ಕಡೆ ನಾಲ್ಕಿಂಚಿನ ಮೊಳೆ ಹೊಡೆದಿದ್ರು, ಮೊಳೆ ತಲೆ ಮೇಲೆ ಪುಟ್ಟಿ, ಅದರ ಮೇಲೆ ಪೇಂಟ್. ಹ್ಯಾಕ್‌ಸಾ ಬ್ಲೇಡ್ ತೂರಿಸಿ ಕೊಯ್ದೆ. ಯಾರೋ ಇದನ್ನ ಬೇಕಂತಲೇ ಮುಚ್ಚಿದ್ದಾರೆ, ಯಾಕೆ ಅನ್ನೋದು ನಾಲ್ಕು ವಾರ ಆದ್ಮೇಲೆ ಗೊತ್ತಾಯ್ತು.

ಏಪ್ರಿಲ್ 27. ಪಾಕೆಟ್ ಹುಡುಕಿದ ದಿನ.

ತೂಕದ ಗುಂಡು ಬಾಕ್ಸ್ ಒಳಗಿದೆ, ಅದನ್ನ ತೆಗೆಯೋದು ಹೇಗೆ? ಹೊರಗಿಂದ ಆಗಲ್ಲ. ಲಂಡನ್‌ನ 1774ರ ಕಟ್ಟಡ ಕಾಯ್ದೆ ಬೆಂಕಿ ಭಯಕ್ಕೆ ಈ ಮರದ ಬಾಕ್ಸ್‌ಗಳನ್ನ ಗೋಡೆ ಹಿಂದೆ ಅಡಗಿಸಿ ಅಂತು, ಆ ಕಾನೂನು ಸ್ಟ್ಯಾಮ್‌ಫರ್ಡಿಗೆ ಅನ್ವಯ ಆಗ್ತಿರ್ಲಿಲ್ಲ, ಆದ್ರೂ ಆ ರೀತಿ ಊರೂರಿಗೂ ಹಬ್ಬಿತು. ನಮ್ಮದೂ ಹಾಗೇ, ಬಾಕ್ಸ್ ಪೂರ್ತಿ ಕಲ್ಲಿನ ಹಿಂದೆ, ಬೀದಿಯಿಂದ ನೋಡಿದ್ರೆ ಮರ ಒಂದು ಬೆರಳಗಲ ಕಾಣುತ್ತೆ ಅಷ್ಟೇ. ಗೋಡೆ ಒಡೆಯದೆ ಬಾಕ್ಸ್ ಹೊರಗೆ ಬರಲ್ಲ.

ಬೆಳಿಗ್ಗೆ ಪೂರ್ತಿ ಹುಡುಕಿದೆ. ಬಾಕ್ಸಿನ ಹಲಗೆ ಕೊಯ್ಯೋದೇ ದಾರಿ ಅನ್ಕೊಂಡು ಪೆನ್ಸಿಲ್ ಗೆರೆ ಕೂಡ ಎಳೆದಿದ್ದೆ. ಅಷ್ಟೊತ್ತಿಗೆ ತೀರ್ಥಹಳ್ಳಿಯಿಂದ ಅಪ್ಪಯ್ಯ ವಿಡಿಯೋ ಕಾಲ್ ಮಾಡಿದ್ರು, ಕ್ಯಾಮೆರಾ ತಿರುಗಿಸಿ ತೋರಿಸ್ದೆ.

"ಒಳಗೆ ಹಗ್ಗ ಹಾಕಿದವ್ನು ಹಗ್ಗ ಹರಿದ್ರೆ ಎಂತ ಮಾಡೋದು ಅಂತ ಯೋಚ್ನೆ ಮಾಡದೆ ಇರ್ತಾನಾ ಮಾರಾಯ? ಎಲ್ಲೋ ಬಾಗ್ಲು ಇಟ್ಟಿರ್ತಾನೆ. ಕೊಯ್ಬೇಡ, ಮೊದ್ಲು ಪೇಂಟ್ ತೆಗಿ" ಅಂದ್ರು.

"ಆಯ್ತು ಅಪ್ಪಯ್ಯ, ಕೊಯ್ಯಲ್ಲ" ಅಂತ ಗರಗಸ ಕೆಳಗಿಟ್ಟೆ.

ಸ್ಯಾಶ್ ಜಾರೋ ಹಲಗೆ ಮೇಲೆ ಕೆಳಗಿನ ಅರ್ಧದಲ್ಲಿ ಪೇಂಟ್ ಕೆರೀತಾ ಹೋದೆ, ಕಿಟಕಿಯ ಅಡಿಹಲಗೆಯಿಂದ 120 ಮಿಲಿಮೀಟರ್ ಮೇಲೆ ಒಂದು ಸ್ಕ್ರೂ ತಲೆ ಕಾಣ್ತು. ಅದನ್ನ ತೆಗೆದು ಎರಡು ಸ್ಯಾಶ್ ಮಧ್ಯದ ಪಟ್ಟಿ, ಪಾರ್ಟಿಂಗ್ ಬೀಡ್, ಎಬ್ಬಿಸಿದ್ರೆ 400 ಮಿಲಿಮೀಟರ್ ಉದ್ದದ ಒಂದು ತುಂಡು ಹಲಗೆ ಹಾಗೇ ಕೈಗೆ ಬಂತು. ಇದಕ್ಕೇ ಪಾಕೆಟ್ ಅಂತಾರೆ. ಎರಡೂ ಕಡೆ ಬಾಕ್ಸ್ ಒಳಗೆ ಕೈ ಹಾಕಿದ್ರೆ ಒಟ್ಟು ಮೂರು ಗುಂಡು ಬಿದ್ದಿದ್ವು, ಒಂದು ಮಾತ್ರ ಕೊಳೆತ ಹಗ್ಗದಲ್ಲಿ ನೇತಾಡ್ತಿತ್ತು. ಪಾಕೆಟ್ ಹಿಂಬದಿ ಮತ್ತು ಬಾಕ್ಸ್ ಒಳಗೆ ಎರಡೂ ಕಡೆ ಉಳೀಲಿ ಹೊಡೆದ ಎರಡೆರಡು ಗೀಟು. ಈ ತುಂಡು ಈ ಕಿಟಕಿದು ಅಂತ ಗುರುತು. ನಮ್ಮನೆ ಮಾಡಿನ ಪಕಾಸಿಗಳ ಮೇಲೆ ಆಚಾರ್ರು ಹಾಕಿರೋ ಗೀಟುಗಳ ಹಾಗೇ ಇತ್ತು, ಅಪ್ಪಯ್ಯನಿಗೆ ಫೋಟೋ ಕಳಿಸ್ದೆ.

ಮೇ 4ರಿಂದ 12. ಗಾಜು ಬಿಡಿಸೋದು.

ಗಾಜು ಹಿಡಿದಿರೋ ಪುಟ್ಟಿ ಮೆತ್ತಗೆ ಮಾಡೋ ಇನ್‌ಫ್ರಾರೆಡ್ ಹೀಟರ್ ದುಬಾರಿ. ಅದರ ಬದಲು ವಾಲ್‌ಪೇಪರ್ ತೆಗೆಯೋ ಸ್ಟೀಮರ್ 40 ಪೌಂಡಿಗೆ ತಗೊಂಡು, ಉಳಿದಿದ್ದ ಇನ್ಸುಲೇಶನ್ ಬೋರ್ಡಲ್ಲಿ ಪೆಟ್ಟಿಗೆ ಮಾಡಿ, ಸ್ಯಾಶ್ ಒಳಗಿಟ್ಟು ಇಡ್ಲಿ ಬೇಯಿಸೋ ಹಾಗೆ ಹಬೆ ಬಿಟ್ಟೆ. 75 ನಿಮಿಷ ಬಿಟ್ರೆ ಕಲ್ಲಿನಂಥ ಪುಟ್ಟಿ ಮೆತ್ತಗಾಗುತ್ತೆ, ಪೇಂಟ್ ಕೂಡ ಹಾಳೆ ಹಾಳೆಯಾಗಿ ಬರುತ್ತೆ, ಧೂಳೇ ಇಲ್ಲ.

ಕೆಳಗಿನ ಸ್ಯಾಶನ್ನ ಮೊದಲು ಬರೀ 40 ನಿಮಿಷ ಇಟ್ಟು ಆತುರ ಪಟ್ಟೆ. ಪುಟ್ಟಿ ಒಳಗೆ ತಲೆ ಇಲ್ಲದ ಸಣ್ಣ ಮೊಳೆಗಳು ಇರ್ತವೆ, ಸ್ಪ್ರಿಗ್ ಅಂತಾರೆ, ಅದು ಇದೆ ಅಂತ ಗೊತ್ತಿಲ್ಲದೆ ಚಾಕು ಒತ್ತಿದೆ, ಮೂಲೆಯಿಂದ ಮೂಲೆಗೆ ಚಟ್ ಅಂತ ಸೀಳ್ತು. 240 ವರ್ಷ ಏನೂ ಆಗದೆ ಇದ್ದ ಗಾಜು. ಆವತ್ತು ಕೆಲಸ ನಿಲ್ಲಿಸಿ ಹೊರಗೆ ಹೋಗಿ ಕೂತೆ. ಇದೊಂದು ತಪ್ಪನ್ನ ಸರಿ ಮಾಡೋಕೆ ಆಗಲ್ಲ, ಉಳಿದವೆಲ್ಲ ಆಗುತ್ತೆ. ಮರದ ಕೆಲಸ ಎಷ್ಟು ಅವಸರದಲ್ಲಾದ್ರೂ ಮಾಡಿ, ಗಾಜಿನ ಹತ್ರ ಮಾತ್ರ ಬೇಡ.

ಹಳೇ ಗಾಜನ್ನ ಬೆಳಕಿಗೆ ಓರೆ ಹಿಡಿದ್ರೆ ಬಿಲ್ಲಿನ ಥರ ಬಾಗಿದ ಗೆರೆಗಳು ಕಾಣ್ತವೆ. ಅದು ಕ್ರೌನ್ ಗ್ಲಾಸ್, ಊದಿದ ಗಾಜಿನ ಗುಂಡನ್ನ ಕೋಲಿನ ತುದೀಲಿ ಗರಗರ ತಿರುಗಿಸಿ ದೊಡ್ಡ ತಟ್ಟೆ ಮಾಡಿ ಅದರಿಂದ ಕತ್ತರಿಸಿದ್ದು. ಕ್ಯಾಲಿಪರಲ್ಲಿ ಅಳೆದೆ, ಸುಮಾರು 2.2 ಮಿಲಿಮೀಟರ್. ಕೆಳಗಿನ ಸ್ಯಾಶಲ್ಲಿ ಮೂರು ಗಾಜು ಮಾತ್ರ ಈಗಿನದು, 4 ಮಿಲಿಮೀಟರ್.

ಮೇ 18. ತೂಕ ಹಾಕಿದಾಗ ಗೊತ್ತಾಗಿದ್ದು.

ಗಾಜು ಬಿಡಿಸೋಕೆ ಮುಂಚೆ ಕೆಳಗಿನ ಸ್ಯಾಶನ್ನ ಬಾತ್‌ರೂಮ್ ತಕ್ಕಡಿ ಮೇಲೆ ಇಟ್ಟು ಬರ್ಕೊಂಡಿದ್ದೆ: 10.7 ಕೆಜಿ. ಗುಂಡಿನ ತುಕ್ಕು ಉಜ್ಜಿದ್ರೆ ತಲೆ ಮೇಲೆ 9 ಅಂತ ಅಚ್ಚು. 9 ಪೌಂಡ್ ತೂಕ, ಎರಡು ಸೇರಿ 8.16 ಕೆಜಿ. ಅಂದ್ರೆ ಕಿಟಕಿ ಗುಂಡಿಗಿಂತ ಎರಡೂವರೆ ಕೆಜಿ ಭಾರ. ಎತ್ತಿ ಬಿಟ್ರೆ ಧಡ್ ಅಂತ ಬೀಳುತ್ತೆ, ಬೆರಳು ಸಿಕ್ಕಿದ್ರೆ ಮುಗೀತು. ಮೊಳೆ ಹೊಡೆದಿದ್ದು ಇದಕ್ಕೇ!

ಲೆಕ್ಕ ಹೀಗೆ. 4 ಮಿಲಿಮೀಟರ್ ಗಾಜು ಚದರ ಮೀಟರ್‌ಗೆ 10 ಕೆಜಿ. ನಮ್ಮ ಒಂದು ಗಾಜು 0.12 ಚದರ ಮೀಟರ್. ಹಳೇದಕ್ಕೆ ಹೋಲಿಸಿದ್ರೆ ಒಂದಕ್ಕೆ ಅರ್ಧ ಕೆಜಿಗಿಂತ ಸ್ವಲ್ಪ ಜಾಸ್ತಿ, ಮೂರಕ್ಕೆ 1.6 ಕೆಜಿ. ಮಿಕ್ಕಿದ್ದು ಪೇಂಟಿನ ಪದರಗಳು. ಈ ಕಿಟಕಿ ಮಾಡಿದ ಕಾಲದಲ್ಲಿ ಗಾಜಿನ ಮೇಲೆ ತೂಕದ ಲೆಕ್ಕದಲ್ಲಿ ಸುಂಕ ಇತ್ತು, 1740ರ ದಶಕದಿಂದ 1845ರವರೆಗೆ, ಹಾಗಾಗಿ ಗಾಜು ತೆಳ್ಳಗೆ ಮಾಡ್ತಿದ್ರು, ಆ ತೆಳು ಗಾಜಿಗೆ ತಕ್ಕ ಹಾಗೆ 18 ಮಿಲಿಮೀಟರ್ ಪಟ್ಟಿ, ಅದಕ್ಕೆ ತಕ್ಕ ಹಾಗೆ 9 ಪೌಂಡ್ ಗುಂಡು. ಯಾವನೋ ಅಂಗಡೀಲಿ ಸಿಕ್ಕಿದ ಗಾಜು ಮೂರು ಹಾಕಿ ಇಡೀ ತಕ್ಕಡಿಯನ್ನೇ ಕೆಡಿಸಿದ, ಇನ್ನೊಬ್ಬ ಬಂದು ಮೊಳೆ ಹೊಡೆದ, ಮೂರನೆಯವನು ಪೇಂಟ್ ಬಳಿದ. ಕಿಟಕೀಲಿ ಮೊದಲಿಂದಲೂ ಏನೂ ತಪ್ಪಿರ್ಲಿಲ್ಲ.

ಹಳೇ ಸಾಮಾನಿನ ಯಾರ್ಡಲ್ಲಿ ಬಿಸಾಕೋ ಸ್ಥಿತಿಯ ವಿಕ್ಟೋರಿಯನ್ ಸ್ಯಾಶ್ ಎರಡು ಸಿಕ್ವು, 20 ಪೌಂಡಿಗೆ ಒಂದು. ಗಾಜು 2 ಮಿಲಿಮೀಟರ್, ಗೆರೆಗಳು ಬಾಗಿಲ್ಲ, ನೇರ ಇವೆ, ಆದ್ರೂ ಅಲೆ ಇದೆ. ನಾಲ್ಕು ಗಾಜು ಕೊಯ್ಯೋಕೆ ಆರು ಖರ್ಚಾಯ್ತು. ಹಳೇ ಗಾಜನ್ನ ಮೊದಲು ಚೆನ್ನಾಗಿ ತೊಳೆದು, ಕಟ್ಟರ್‌ಗೆ ಎಣ್ಣೆ ಹಾಕಿ, ಒಂದೇ ಸಲ ಎಳೀಬೇಕು. ಎರಡನೇ ಸಲ ಅದೇ ಗೆರೆ ಮೇಲೆ ಎಳೆದ್ರೆ ಒಡೆಯುತ್ತೆ, ನಾನು ಎರಡು ಸಲ ಒಡೆದು ಕಲಿತೆ.

ಮೇ 25ರಿಂದ 27. ಮರ.

ಕೆಳಗಿನ ಸ್ಯಾಶಿನ ಅಡಿಪಟ್ಟಿ ಎಡಮೂಲೇಲಿ 180 ಮಿಲಿಮೀಟರ್ ಉದ್ದ ಕೊಳೆತಿತ್ತು. ಮೇಲೆ ಗಟ್ಟಿ ಫಿಲ್ಲರ್ ಮೆತ್ತಿದ್ರು, ಅದರ ಹಿಂದೆ ನೀರು ನಿಂತು ಒಳಗೇ ಮರ ಹಿಟ್ಟಾಗಿತ್ತು. ಒಳ್ಳೇ ಮರ ಸಿಗೋವರೆಗೆ ಓರೆಯಾಗಿ ಕೊಯ್ದು ಹೊಸ ತುಂಡು ಕೂರಿಸೋದು. ಮೊದಲ ಸಲ ಅಂಗಡಿಯ ಹೊಸ ಪೈನ್ 9 ಪೌಂಡಿಗೆ ತಂದು ಮಾಡ್ದೆ, ಅಂಟು ಒಣಗೋದ್ರೊಳಗೆ ತಿರುಚಿಕೊಂಡು 3 ಮಿಲಿಮೀಟರ್ ಎದ್ದಿತ್ತು. ಎರಡರ ತುದಿ ಪಕ್ಕಪಕ್ಕ ಇಟ್ಟು ನೋಡಿದ್ರೆ ಹಳೇ ಮರದಲ್ಲಿ ಒಂದಿಂಚಿಗೆ 25 ಬೆಳವಣಿಗೆ ಉಂಗುರ, ಹೊಸದ್ರಲ್ಲಿ 5. ಚಳಿ ದೇಶದಲ್ಲಿ ನಿಧಾನಕ್ಕೆ ಬೆಳೆದ ಮರಕ್ಕೂ ಪ್ಲಾಂಟೇಶನ್ ಮರಕ್ಕೂ ಇಷ್ಟು ವ್ಯತ್ಯಾಸ. ಕೊಯ್ದು ತೆಗೆದೆ. ಅದೇ ಯಾರ್ಡಿಂದ ಹಳೇ ಅಟ್ಟದ ತೊಲೆ ತುಂಡು 12 ಪೌಂಡಿಗೆ ತಂದು, 21 ಉಂಗುರ ಇತ್ತು, ಎಪಾಕ್ಸಿ ಅಂಟು ಹಾಕಿ ಎರಡು ದಿನ ಕ್ಲ್ಯಾಂಪಲ್ಲಿ ಬಿಟ್ಟೆ. ಈಗ ಬೆರಳಾಡಿಸಿದ್ರೂ ಸಂದು ಸಿಗಲ್ಲ.

ಜೂನ್ 1 ಮತ್ತು 8. ಗಾರೆ.

ಕಿಟಕಿಯ ಅಡಿಹಲಗೆಗೂ ಅದರ ಕೆಳಗಿನ ಕಲ್ಲಿಗೂ ಮಧ್ಯ ಸಿಮೆಂಟ್ ತುಂಬಿ ಮೇಲೆ ಸಿಲಿಕೋನ್ ಎಳೆದಿದ್ರು. ನೀರು ಒಳಗೆ ಹೋಗೋಕೆ ಬಿರುಕು ಸಾಕು, ಹೊರಗೆ ಬರೋಕೆ ದಾರಿ ಇಲ್ಲ. ಸ್ಯಾಶ್ ಇಲ್ಲದಿದ್ದಾಗಲೇ ಒಳಗೆ ನಿಂತು ಸಣ್ಣ ಉಳೀಲಿ ಎಲ್ಲ ಕೆದಕಿ ತೆಗೆದೆ. ಸಿಮೆಂಟ್ ಬಿಡುವಾಗ ಸುಣ್ಣಕಲ್ಲಿನ ಅಂಚನ್ನೂ ಎರಡು ಕಡೆ ಕಿತ್ಕೊಂಡೇ ಬಂತು, ಕಲ್ಲಿಗಿಂತ ಗಟ್ಟಿ ಗಾರೆ ಹಾಕಿದ್ರೆ ಇದೇ ಕಥೆ.

ಹೈಡ್ರಾಲಿಕ್ ಸುಣ್ಣ, ಅಂದ್ರೆ ನೀರು ಸೇರಿದ್ರೆ ಗಟ್ಟಿಯಾಗೋ ಸುಣ್ಣ, 3.5 ದರ್ಜೆದು, ಒಂದಕ್ಕೆ ಎರಡೂವರೆ ಮರಳು. ಜೂನ್ 1ರಂದು ಬಿಸಿಲು, ಗಾಳಿ, ನಮ್ಮ ಮುಂಭಾಗ ದಕ್ಷಿಣಕ್ಕೆ. ಹಾಕಿ ಬಿಟ್ಟೆ, ಸಂಜೆಗೆ ಬಿರುಕು. ಅಪ್ಪಯ್ಯ ಫೋನಲ್ಲಿ ಕೇಳಿದ ಮೊದಲನೇ ಪ್ರಶ್ನೆ "ನೀರು ಉಣ್ಸಿದ್ಯಾ?" ಉಣಿಸಿರ್ಲಿಲ್ಲ. ಮುಂದಿನ ಶನಿವಾರ ಕಿತ್ತು ಮತ್ತೆ ಹಾಕಿ, ಮೊದಲೇ ಕಲ್ಲು ನೆನೆಸಿ, ಮೇಲೆ ಒದ್ದೆ ಗೋಣಿ ಹೊದಿಸಿ, ನಾಲ್ಕು ದಿನ ಬೆಳಿಗ್ಗೆ ಸಂಜೆ ನೀರು ಚಿಮುಕಿಸ್ದೆ. ಸುತ್ತ ಚೌಕಟ್ಟು ಕಲ್ಲಿಗೆ ತಾಗೋ ಕಡೆ ಕುದಿಸಿದ ಅಗಸೆ ಎಣ್ಣೆಗೆ ಒಣ ಮರಳು ಕಲಸಿದ ಮಾಸ್ಟಿಕ್, ಅಂದ್ರೆ ಸಂದು ಮುಚ್ಚೋ ಮಿಶ್ರಣ. ಎಣ್ಣೆ ಬಟ್ಟೆಗಳನ್ನ ಮುದ್ದೆ ಮಾಡಿ ಡಬ್ಬಿಗೆ ಹಾಕ್ಬೇಡಿ, ತಾನಾಗೇ ಬೆಂಕಿ ಹತ್ತುತ್ತೆ. ತಂತಿ ಮೇಲೆ ಹರಡಿ ಒಣಗಿಸಿ.

ಜೂನ್ 9ರಿಂದ 29. ಪುಟ್ಟಿ, ಪೇಂಟ್.

ಸೀಮೆಸುಣ್ಣದ ಪುಡಿ, ಅಗಸೆ ಎಣ್ಣೆ, ಅಷ್ಟೇ ಪುಟ್ಟಿ. ಚಪಾತಿ ಹಿಟ್ಟಿನ ಹಾಗೆ ನಾದಿ ಹಾಕೋದು. ಮೊದಲು ಮರಕ್ಕೆ ಪ್ರೈಮರ್ ಹಚ್ಚಬೇಕು, ಇಲ್ಲಾಂದ್ರೆ ಒಣಮರ ಎಣ್ಣೆ ಹೀರ್ಕೊಂಡು ಪುಟ್ಟಿ ಪುಡಿಯಾಗುತ್ತೆ. ಎರಡು ವಾರ ಕಾಯಬೇಕು ಅಂತ ಡಬ್ಬಿ ಮೇಲೆ ಬರೆದಿತ್ತು, ಮೇಲಿನ ಸ್ಯಾಶಿಗೆ ನಾನು ಐದೇ ದಿನಕ್ಕೆ ಪೇಂಟ್ ಹಚ್ಚಿದೆ, ಮೂರು ಗಾಜಿನ ಸುತ್ತ ಸುಕ್ಕು ಬಂತು, ಕೆರೆದು ಮತ್ತೆ ಮಾಡಿದೆ. ಪೇಂಟ್ ಗಾಜಿನ ಮೇಲೆ 2 ಮಿಲಿಮೀಟರ್ ಹತ್ತಿರಬೇಕು, ಆ ಗೆರೆಯೇ ಮಳೆನೀರು ತಡೆಯೋದು. ಜಾರೋ ಮೈಗೆ ಪೇಂಟ್ ಬೇಡ, ಮೇಣದಬತ್ತಿ ಉಜ್ಜಿದ್ರೆ ಸಾಕು. ಹಗ್ಗಕ್ಕಂತೂ ಪೇಂಟ್ ತಾಗಲೇಬಾರದು.

ಜುಲೈ 6. ಹಗ್ಗ, ಜೋಡಣೆ.

ಮೇಣ ಹಾಕಿದ ಹತ್ತಿ ಹಗ್ಗ, 6 ಮಿಲಿಮೀಟರ್. ಹಿಂದಿನ ರಾತ್ರಿಯೇ ಗುಂಡು ಕಟ್ಟಿ ನೇತುಹಾಕಿದ್ದೆ, ಹೊಸ ಹಗ್ಗ ಹಿಗ್ಗುತ್ತೆ. ಹಗ್ಗವನ್ನ ರಾಟೆ ಮೇಲಿಂದ ಇಳಿಸೋಕೆ ದಾರದ ತುದಿಗೆ ಸಣ್ಣ ಸೀಸದ ತುಂಡು ಕಟ್ಟಿ ಬಿಡ್ತಾರೆ, ಇಲ್ಲಿನ ಬಡಗಿಗಳು ಅದಕ್ಕೆ ಇಲಿ ಅಂತಾರೆ.

ಮೇಲಿನ ಸ್ಯಾಶ್ ಮೊದಲು. ಹಗ್ಗ ಉದ್ದ ಬಿಟ್ಟಿದ್ದೆ, ಸ್ಯಾಶ್ ಪೂರ್ತಿ ಮೇಲೇರೋಕೆ ಮುಂಚೆನೇ ಗುಂಡು ಬಾಕ್ಸ್ ತಳಕ್ಕೆ ಕೂತ್ಬಿಡ್ತು, ಮೇಲೆ 30 ಮಿಲಿಮೀಟರ್ ಸಂದು. ಮತ್ತೆ ಬಿಚ್ಚಿ ಕತ್ತರಿಸ್ದೆ. ಆ ಭಯಕ್ಕೆ ಕೆಳಗಿನದಕ್ಕೆ ಗಿಡ್ಡ ಕತ್ತರಿಸಿಬಿಟ್ಟೆ, ಗುಂಡು ರಾಟೆಗೆ ತಾಗಿ ಕಿಟಕಿ 40 ಮಿಲಿಮೀಟರ್ ಮುಚ್ಚಲೇ ಇಲ್ಲ, ಆ ಎರಡು ಹಗ್ಗ ದಂಡ. ಅಳತೆ ಇಷ್ಟು ನೆನಪಿಡಿ: ಸ್ಯಾಶ್ ಪೂರ್ತಿ ಕೆಳಗಿದ್ದಾಗ ಗುಂಡು ರಾಟೆಯಿಂದ 50 ಮಿಲಿಮೀಟರ್ ಕೆಳಗಿರಬೇಕು, ಸ್ಯಾಶ್ ಪೂರ್ತಿ ಮೇಲಿದ್ದಾಗ ತಳದಿಂದ 50 ಮಿಲಿಮೀಟರ್ ಮೇಲಿರಬೇಕು.

ಜೋಡಿಸೋಕೆ ಮುಂಚೆ ತೂಕ: ಕೆಳಗಿನದು ಈಗ 8.9 ಕೆಜಿ, ಗುಂಡು 8.16. ಮೇಲಿನದು 8.5, ಅದರ ಗುಂಡು 10 ಪೌಂಡಿನವು ಎರಡು, 9.07. ಕೆಳಗಿನದು ಗುಂಡಿಗಿಂತ ಸ್ವಲ್ಪ ಭಾರ, ಹಾಗಾಗಿ ಮುಚ್ಚಿದ್ರೆ ಮುಚ್ಚೇ ಇರುತ್ತೆ. ಮೇಲಿನದು ಸ್ವಲ್ಪ ಹಗುರ, ಹಾಗಾಗಿ ಮೇಲೇ ಇರುತ್ತೆ. ಒಂದು ಗುಂಡೂ ಬದಲಾಯಿಸಬೇಕಾಗಿ ಬರಲಿಲ್ಲ.

ಪಕ್ಕದ ಒಳಬಾಗಿಲುಗಳು, ಅಂದ್ರೆ ಗೋಡೆಯೊಳಗೆ ಮಡಚಿ ಕೂರೋ ಮರದ ಶಟರ್, ಅವೂ ಪೇಂಟಿಂದ ಅಂಟಿದ್ವು, ಬ್ಲೇಡ್ ಎಳೆದಿದ್ದಕ್ಕೇ ಬಿಟ್ಕೊಂಡ್ವು. ಮಗಳು ಅದನ್ನ ಮಡಚಿ ಬಿಚ್ಚಿ ಸಾಯಂಕಾಲವೆಲ್ಲ ಆಡಿದ್ಲು.

ಖರ್ಚು, ಪೌಂಡಲ್ಲಿ: ಹಗ್ಗ ಬೀಡ್ ಸ್ಕ್ರೂ 63, ಸೀಸದ ಟೆಸ್ಟ್ ಮಾಸ್ಕ್ ಪಾಲಿಥಿನ್ 61, ಗಾಜು ಪುಟ್ಟಿ 56, ಮರ ಅಂಟು 40 (ವೇಸ್ಟಾದ 9 ಸೇರಿ), ಪ್ರೈಮರ್ ಪೇಂಟ್ 58, ಸುಣ್ಣ ಮರಳು 23, ಸ್ಟೀಮರ್ 40. ಒಟ್ಟು 341. ಸಮಯ ಸುಮಾರು 74 ಗಂಟೆ, ಅದರಲ್ಲಿ ಇಪ್ಪತ್ತು ಗಂಟೆ ನನ್ನ ತಪ್ಪು ಸರಿಮಾಡೋಕೆ ಹೋಗಿದ್ದು.

ಇವತ್ತು ಬೆಳಿಗ್ಗೆ ಪಕ್ಕದ ಕಿಟಕಿ ಬೀಡ್ ಬಿಚ್ಚಿದೆ. ಪಾಕೆಟ್ ಹತ್ತೇ ನಿಮಿಷಕ್ಕೆ ಸಿಕ್ತು, ಹಿಂಬದೀಲಿ ಮೂರು ಗೀಟು. ಬಲಗಡೆ ಬಾಕ್ಸಲ್ಲಿ ಎರಡು ಗುಂಡಿರಬೇಕಾದ ಕಡೆ ಒಂದೇ ಇದೆ, 9 ಪೌಂಡಿಂದು. ಶನಿವಾರ ಯಾರ್ಡಿಗೆ ಹೋಗಿ ಅದರ ಜೋಡಿ ಹುಡುಕ್ಬೇಕು.